ಹುಲ್ಲುಗಾವಲಿನಲ್ಲಿ ಪೊಟ್ಯಾಶ್ ಎಲ್ಲಿರುತ್ತದೆ?



ಮಣ್ಣಿನ ಸಾರದ ಬಗ್ಗೆ ನಮ್ಮಲ್ಲಿ ನಡೆಯುವ ಮಾತುಕತೆ ಬಹುಮಟ್ಟಿಗೆ ಉತ್ತ ಹೊಲದ ಮಾತು. ಭತ್ತಕ್ಕೆ ಎಷ್ಟು ಸಾರಜನಕ, ಕಬ್ಬಿಗೆ ಎಷ್ಟು ರಂಜಕ, ಬಾಳೆಗೆ ಎಷ್ಟು ಪೊಟ್ಯಾಶ್ ಎಂದು ಕೇಳಿದರೆ ಇಲ್ಲಿರುವ ವಿದ್ಯಾರ್ಥಿಗಳು ತಡವರಿಸದೆ ಹೇಳಿಯಾರು. ಉಳದ, ಬಿತ್ತದ, ಗೊಬ್ಬರದ ಚೀಲವನ್ನೇ ಕಾಣದ, ದನ ಮೇಯುವ ನೆಲದಲ್ಲಿ ಈ ಲೆಕ್ಕ ಹೇಗೆ ನಡೆಯುತ್ತದೆ ಎಂದರೆ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಇಂದಿನ ಉಪನ್ಯಾಸಕ್ಕೆ ನಾನು ಆ ನೆಲವನ್ನು, ಅದರಲ್ಲೂ ಪೊಟ್ಯಾಸಿಯಂ ಒಂದನ್ನೇ ಆರಿಸಿಕೊಂಡಿದ್ದೇನೆ.

ಉಷ್ಣವಲಯದ ಸವನ್ನಾ ಎಂದರೆ ಒಂದು ಮಳೆಗಾಲ, ಒಂದು ದೀರ್ಘ ಒಣಗಾಲ, ನಿರಂತರವಾಗಿ ಹಾಸಿದ ಹುಲ್ಲು, ನಡುನಡುವೆ ಬಿಡಿ ಮರ, ಆಗಾಗ ಬೆಂಕಿ, ಯಾವಾಗಲೂ ಮೇಯುವ ಪ್ರಾಣಿ. ಬ್ರೆಜಿಲಿನ ಸೆರಾಡೊ, ಪೂರ್ವ ಆಫ್ರಿಕಾದ ಸೆರೆಂಗೆಟಿ ಮತ್ತು ಲೈಕಿಪಿಯ, ದಕ್ಷಿಣ ಆಫ್ರಿಕಾದ ನಿಲ್ಸ್‌ವ್ಲೇ ಈ ಬಗೆಯ ನೆಲಗಳು. ದಖನ್ನಿನ ಒಣ ಹುಲ್ಲುಗಾವಲುಗಳನ್ನೂ ಇದೇ ಸಾಲಿಗೆ ಸೇರಿಸಬೇಕೆಂದು ಪರಿಸರ ವಿಜ್ಞಾನಿಗಳು ಕೆಲವು ಕಾಲದಿಂದ ವಾದಿಸುತ್ತಿದ್ದಾರೆ. ಸರ್ಕಾರಿ ದಫ್ತರಗಳಲ್ಲಿ ಮಾತ್ರ ಇವುಗಳಲ್ಲಿ ಬಹಳಷ್ಟು ಇಂದಿಗೂ ‘ಪಾಳು’ ಎಂದೇ ದಾಖಲಾಗಿವೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಸರಿಯಾಗಿ ಮೇಯಿಸಿದ ಹುಲ್ಲುಗಾವಲಿನಿಂದ ಪೊಟ್ಯಾಸಿಯಂ ಹೊರಗೆ ಹೋಗುವುದು ತೀರಾ ಕಡಿಮೆ. ಅದು ಗಾವಲಿನ ಒಳಗೇ ಜಾಗ ಬದಲಿಸುತ್ತದೆ. ಹಾಗಾಗಿ ಇಡೀ ಗಾವಲಿಗೆ ಒಂದು ಸರಾಸರಿ ಅಂಕಿ ಕೊಟ್ಟು, ಅದು ಏರಿದೆಯೋ ಇಳಿದಿದೆಯೋ ಎಂದು ನೋಡಿ, ನಿರ್ವಹಣೆ ಸುಸ್ಥಿರವೋ ಅಲ್ಲವೋ ಎಂದು ತೀರ್ಪು ಕೊಡುವ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಪೊಟ್ಯಾಸಿಯಂನ ಸ್ವಭಾವದಿಂದ ಆರಂಭಿಸೋಣ. ಹಂಫ್ರಿ ಡೇವಿ 1807ರಲ್ಲಿ ಇದನ್ನು ಲೋಹವಾಗಿ ಬೇರ್ಪಡಿಸಿದ. ಸಸ್ಯಕ್ಕೆ ಬೇಕಾದ ಮೂರು ಮುಖ್ಯ ಪೋಷಕಗಳಲ್ಲಿ ಇದೊಂದು ವಿಚಿತ್ರ. ಸಾರಜನಕ ಪ್ರೋಟೀನಿನೊಳಗೆ ಹೆಣೆದುಕೊಳ್ಳುತ್ತದೆ, ರಂಜಕ ಜೀವಕೋಶದ ಕೇಂದ್ರದಲ್ಲಿ ಸೇರಿಕೊಳ್ಳುತ್ತದೆ. ಪೊಟ್ಯಾಸಿಯಂ ಯಾವ ಸಾವಯವ ವಸ್ತುವಿನ ಭಾಗವೂ ಆಗದೆ, ಜೀವರಸದಲ್ಲಿ ಕರಗಿದ ಅಯಾನಾಗಿಯೇ ಓಡಾಡಿಕೊಂಡಿರುತ್ತದೆ. ಎಲೆಯ ಬಾಯಿ ತೆರೆಯುವುದು ಮುಚ್ಚುವುದು, ಕೋಶದ ನೀರಿನ ಬಿಗುವು, ಸಕ್ಕರೆಯ ಸಾಗಾಟ ಎಲ್ಲದರಲ್ಲೂ ಅದರ ಕೈ ಇದೆ, ಆದರೆ ಎಲ್ಲೂ ಅದು ನೆಲೆ ನಿಂತಿಲ್ಲ. ಎಲೆ ಸತ್ತ ಮೇಲೆ ಅದನ್ನು ಬಿಡಿಸಲು ಸೂಕ್ಷ್ಮಜೀವಿಗಳ ಕೊಳೆಸುವ ಕೆಲಸವೇ ಬೇಡ, ಎರಡು ಹದ ಮಳೆ ಸಾಕು. ಒಣಗಿ ನಿಂತ ಹುಲ್ಲು ಮಳೆಗೆ ನೆನೆದರೆ ಅದರಲ್ಲಿನ ಪೊಟ್ಯಾಸಿಯಂನ ಬಹುಭಾಗ ಕೆಲವು ವಾರಗಳಲ್ಲಿ ಮಣ್ಣಿಗಿಳಿಯುತ್ತದೆ. ಬೆಂಕಿ ಬಿದ್ದರೂ ಹಾಗೆಯೇ. ಹುಲ್ಲಿನ ಸಾರಜನಕ ಹೊಗೆಯೊಂದಿಗೆ ಆಕಾಶಕ್ಕೆ ಹೋಗುತ್ತದೆ, ಪೊಟ್ಯಾಸಿಯಂ ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯನ್ನು ಗಾಳಿ ಹೊತ್ತೊಯ್ಯುವ ಮೊದಲು ಮಳೆ ಬಂದರೆ ನೆಲಕ್ಕೆ ಲಾಭ.

ಮಣ್ಣಿನಲ್ಲಿ ಇದು ನಾಲ್ಕು ನೆಲೆಗಳಲ್ಲಿರುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ: ಮಣ್ಣಿನ ನೀರಿನಲ್ಲಿ ಕರಗಿದ್ದು, ಜೇಡಿಕಣದ ಮೈಗೆ ಅಂಟಿದ್ದು, ಜೇಡಿಯ ಪದರಗಳ ನಡುವೆ ಸಿಕ್ಕಿಬಿದ್ದದ್ದು, ಅಭ್ರಕ ಮತ್ತು ಫೆಲ್ಡ್‌ಸ್ಪಾರ್ ಖನಿಜಗಳ ಒಡಲಲ್ಲಿರುವುದು. ಒಟ್ಟು ಪೊಟ್ಯಾಸಿಯಂನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೊನೆಯದರಲ್ಲಿದೆ. ಪ್ರಯೋಗಾಲಯ ಅಳೆಯುವುದು ಮೊದಲೆರಡನ್ನು, ಅಂದರೆ ನೂರಕ್ಕೆ ಒಂದೆರಡು ಪಾಲನ್ನು. ಅಡುಗೆಮನೆಯ ಮಡಕೆಯಲ್ಲಿ ಎಷ್ಟು ಜೋಳವಿದೆ ಎಂದು ನೋಡಿ ಮನೆಯ ಸ್ಥಿತಿ ಹೇಳಬಹುದು, ಅಂಗಳದಲ್ಲಿ ಹಗೇವು ಇದೆಯೋ ಇಲ್ಲವೋ ಗೊತ್ತಿದ್ದರೆ ಮಾತ್ರ.

ಸೆರಾಡೊದಲ್ಲಿ ಹಗೇವು ಇಲ್ಲ. ಸುಮಾರು 20 ಲಕ್ಷ ಚದರ ಕಿಲೋಮೀಟರ್ ಹರಡಿದ ಆ ಸವನ್ನಾದ ಅರ್ಧದಷ್ಟು ನೆಲ ಲಕ್ಷಾಂತರ ವರ್ಷಗಳ ಮಳೆಗೆ ತೊಳೆದುಹೋದ, ಆಳವಾದ ಕೆಂಪು-ಹಳದಿ ಮಣ್ಣು. ಕೈಗೆ ತೆಗೆದುಕೊಂಡರೆ ಪುಡಿಪುಡಿಯಾಗಿ, ನೋಡುವುದಕ್ಕೆ ಬಹಳ ಚೆಂದ. ಫೆಲ್ಡ್‌ಸ್ಪಾರ್, ಅಭ್ರಕ ಯಾವುದೂ ಬಹುತೇಕ ಉಳಿದಿಲ್ಲ. ಉಳಿದಿರುವುದು ಕೆಯೊಲಿನೈಟ್ ಜೇಡಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು. ಇವುಗಳ ಮೈಗೆ ಪೊಟ್ಯಾಸಿಯಂ ಹಿಡಿದಿಡುವ ಶಕ್ತಿ ಅತ್ಯಲ್ಪ. ಆಹಾರ ಬೆಳೆಗಳಿಗಾಗಿ ಅಲ್ಲಿನ ಸಂಶೋಧಕರು ಮಾಡಿಟ್ಟ ಪಟ್ಟಿಯಲ್ಲಿ, ತೀರಾ ಮರಳಲ್ಲದ ಮಣ್ಣಿಗೆ, ಒಂದು ಕೆ.ಜಿ. ಮಣ್ಣಿನಲ್ಲಿ 25 ಮಿಲಿಗ್ರಾಂ ತನಕ ‘ಕಡಿಮೆ’, 50 ದಾಟಿದರೆ ‘ಸಾಕಷ್ಟು’.

ಇದರ ಎದುರು ತುದಿಯಲ್ಲಿ ಸೆರೆಂಗೆಟಿಯ ಆಗ್ನೇಯದ ಗಿಡ್ಡಹುಲ್ಲಿನ ಬಯಲು. ಓಲ್ ಡೊಯಿನ್ಯೊ ಲೆಂಗಾಯ್ ಎಂಬ ಜ್ವಾಲಾಮುಖಿ ಸೋಡಿಯಂ, ಪೊಟ್ಯಾಸಿಯಂ ಕಾರ್ಬೊನೇಟುಗಳ ವಿಶಿಷ್ಟ ಲಾವಾವನ್ನು ಉಗುಳುತ್ತದೆ. ಅದರ ಬೂದಿ ಗಾಳಿಯಲ್ಲಿ ಬಂದು ಆ ಬಯಲನ್ನು ಕಟ್ಟಿದೆ. ಮಳೆಯೂ ಕಡಿಮೆ, ತೊಳೆದುಹೋಗುವುದೂ ಕಡಿಮೆ. 1980ರ ದಶಕದಲ್ಲಿ ಸ್ಯಾಮುಯೆಲ್ ಮೆಕ್‌ನಾಟನ್ ಮತ್ತು ಸಂಗಡಿಗರು ಅಲ್ಲಿ ಕಾಡುಪ್ರಾಣಿಗಳು ಎಲ್ಲಿ ಗುಂಪುಗೂಡುತ್ತವೆ, ಏಕೆ ಎಂದು ಹುಡುಕಿದಾಗ ಸಿಕ್ಕ ಕಾರಣಗಳು ಸೋಡಿಯಂ, ರಂಜಕ ಮತ್ತು ಮೆಗ್ನೀಸಿಯಂ. ಪೊಟ್ಯಾಸಿಯಂ ಆ ಪಟ್ಟಿಯಲ್ಲಿಲ್ಲ. ಇರಬೇಕಾಗಿಯೂ ಇಲ್ಲ, ಏಕೆಂದರೆ ಹಸಿರು ಹುಲ್ಲಿನಲ್ಲಿ ಪ್ರಾಣಿಗೆ ಬೇಕಾದುದಕ್ಕಿಂತ ಎರಡು ಪಟ್ಟು ಪೊಟ್ಯಾಸಿಯಂ ಸಾಮಾನ್ಯವಾಗಿ ಇದ್ದೇ ಇರುತ್ತದೆ. ದನ ನೆಕ್ಕಲು ಹುಡುಕುವುದು ಅಡುಗೆ ಉಪ್ಪನ್ನು. ಪೊಟ್ಯಾಸಿಯಂ ಅತಿಯಾದರೆ ಹುಲ್ಲು ಮೆಗ್ನೀಸಿಯಂ ಹೀರುವುದು ಕುಗ್ಗಿ ದನಕ್ಕೆ ತೊಂದರೆಯೇ ಆದೀತು. ಪೊಟ್ಯಾಸಿಯಂನ ಕೊರತೆ ಹುಲ್ಲಿನ ಸಮಸ್ಯೆ. ಅದನ್ನು ಅತ್ತಿತ್ತ ಸಾಗಿಸುವ ಕೆಲಸ ದನದ್ದು.

ಒಂದು ಹಸುವಿನ ಲೆಕ್ಕ ಹಾಕಿ ನೋಡೋಣ. ಸಾಧಾರಣ ಮೈಕಟ್ಟಿನ ಹಸು ದಿನಕ್ಕೆ ಒಣತೂಕದಲ್ಲಿ 9 ಕೆ.ಜಿ. ಹುಲ್ಲು ತಿನ್ನುತ್ತದೆ ಎನ್ನೋಣ. ಮಳೆಗಾಲದ ಎಳೆಹುಲ್ಲಿನಲ್ಲಿ ಪೊಟ್ಯಾಸಿಯಂ ನೂರಕ್ಕೆ ಎರಡರಷ್ಟಿದ್ದರೆ ಬೇಸಿಗೆಯ ಒಣಹುಲ್ಲಿನಲ್ಲಿ ಅರ್ಧಕ್ಕೆ ಇಳಿದಿರಬಹುದು. ವರ್ಷದ ಸರಾಸರಿ 1.2 ಎಂದು ಹಿಡಿದರೆ ದಿನಕ್ಕೆ ಸುಮಾರು 108 ಗ್ರಾಂ, ವರ್ಷಕ್ಕೆ ಹತ್ತಿರ ಹತ್ತಿರ 40 ಕೆ.ಜಿ. ಪೊಟ್ಯಾಸಿಯಂ ಆ ಒಂದು ಹೊಟ್ಟೆಯೊಳಗೆ ಹಾದುಹೋಗುತ್ತದೆ. ಇದರಲ್ಲಿ ಮೈಯಲ್ಲಿ ಉಳಿಯುವುದೆಷ್ಟು? ದನದ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು 2 ಗ್ರಾಂ. ನಾನೂರು ಕೆ.ಜಿ. ತೂಗುವ ಎತ್ತನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದರೆ ಗಾವಲಿನಿಂದ ಹೊರಗೆ ಹೋದ ಪೊಟ್ಯಾಸಿಯಂ 800 ಗ್ರಾಂ ಅಷ್ಟೇ. ಹಾಲಿನಲ್ಲಿ ಹೋಗುವುದು ಲೀಟರಿಗೆ ಒಂದೂವರೆ ಗ್ರಾಂ. ಉಳಿದದ್ದೆಲ್ಲ ಸಗಣಿ, ಗಂಜಲವಾಗಿ ನೆಲಕ್ಕೆ ವಾಪಸು. ರಂಜಕ ಹೆಚ್ಚಾಗಿ ಸಗಣಿಯಲ್ಲಿ ಬರುತ್ತದೆ, ಪೊಟ್ಯಾಸಿಯಂ ಗಂಜಲದಲ್ಲಿ. ವಿಸರ್ಜನೆಯಾಗುವ ಪೊಟ್ಯಾಸಿಯಂನ ಮುಕ್ಕಾಲು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು, ಗಂಜಲದ್ದೇ ಎಂದು ಹಲವು ದೇಶಗಳ ಅಳತೆಗಳು ತೋರಿಸಿವೆ.

ವಾಪಸು ಬೀಳುವುದು ಹೇಗೆ ಎನ್ನುವುದನ್ನು ಹತ್ತಿರದಿಂದ ನೋಡಬೇಕು. ಹಸು ಒಮ್ಮೆ ನಿಂತು ಗಂಜಲ ಹೊಯ್ದರೆ ಸುಮಾರು ಎರಡು ಲೀಟರ್, ನೆನೆಯುವ ನೆಲ ಒಂದು ಮಣೆಯಗಲಕ್ಕಿಂತ ಸ್ವಲ್ಪ ದೊಡ್ಡದು. ಲೀಟರಿಗೆ 8 ಗ್ರಾಂ ಪೊಟ್ಯಾಸಿಯಂ ಇದ್ದರೆ ಅಷ್ಟು ಜಾಗಕ್ಕೆ 16 ಗ್ರಾಂ ಬಿತ್ತು. ಎಕರೆ ಲೆಕ್ಕಕ್ಕೆ ತಿರುಗಿಸಿದರೆ ಇದು 200 ಕೆ.ಜಿ.ಗೂ ಮಿಗಿಲು! ಯಾವ ರೈತನೂ, ಕಬ್ಬಿಗೂ, ಒಂದೇ ಸಲಕ್ಕೆ ಇಷ್ಟು ಸುರಿಯುವುದಿಲ್ಲ. ಆ ಬೊಗಸೆಯಷ್ಟು ನೆಲದ ಹುಲ್ಲು ಕಡುಹಸಿರಾಗಿ ಎದ್ದು ನಿಲ್ಲುತ್ತದೆ, ಅಗತ್ಯಕ್ಕಿಂತ ಹೆಚ್ಚು ಪೊಟ್ಯಾಸಿಯಂ ಕುಡಿದು ಕೂಡಿಟ್ಟುಕೊಳ್ಳುತ್ತದೆ. ಅದರಿಂದ ಒಂದು ಮೊಳ ಆಚೆ ಏನೂ ಬಿದ್ದಿಲ್ಲ. ಗಾವಲಿನ ಮಣ್ಣಿನಲ್ಲಿ ಪೊಟ್ಯಾಸಿಯಂ ಮಟ್ಟ ಎನ್ನುವುದು ಇಂಥ ಸಾವಿರಾರು ಚುಕ್ಕೆಗಳ, ಅವುಗಳ ನಡುವಿನ ಬರಿಜಾಗದ ಹರಹು.

ಚುಕ್ಕೆಗಳು ಗಾವಲಿನ ತುಂಬ ಸಮನಾಗಿ ಬಿದ್ದರೆ ಕಾಲಕ್ರಮದಲ್ಲಿ ಎಲ್ಲ ಸರಿಹೋಗುತ್ತಿತ್ತು. ದನ ಹಾಗೆ ಮಾಡುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ದೂರ ದೂರ ಮೇಯುತ್ತದೆ, ನೀರಿನ ಬಳಿ ನಿಲ್ಲುತ್ತದೆ, ಬಿಸಿಲೇರಿದರೆ ಮರದಡಿ ಮಲಗಿ ಮೆಲುಕು ಹಾಕುತ್ತದೆ, ರಾತ್ರಿ ದೊಡ್ಡಿಗೆ ಬರುತ್ತದೆ. ದೊಡ್ಡಿಯಲ್ಲಿ ಅದು ದಿನದ ವಿಸರ್ಜನೆಯ ಐದರಲ್ಲಿ ಎರಡು ಪಾಲನ್ನಷ್ಟೇ ಬಿಡುತ್ತದೆ ಎಂದು ಇಟ್ಟುಕೊಂಡರೂ, ನೂರು ದನದ ಮಂದೆ ವರ್ಷಕ್ಕೆ 1,600 ಕೆ.ಜಿ. ಪೊಟ್ಯಾಸಿಯಂ ಅನ್ನು ಬಯಲಿನಿಂದ ಹೊತ್ತು ತಂದು ಒಂದು ಚಿಕ್ಕ ಆವರಣಕ್ಕೆ ಸುರಿಯುತ್ತದೆ. ಅಂಗಡಿಯ ಮ್ಯೂರಿಯೇಟ್ ಆಫ್ ಪೊಟ್ಯಾಶಿನ ಲೆಕ್ಕದಲ್ಲಿ ಇದು 50 ಕೆ.ಜಿ.ಯ ಅರವತ್ತಕ್ಕೂ ಹೆಚ್ಚು ಚೀಲ. ದೊಡ್ಡಿ ಅಲ್ಲೇ ಹತ್ತು ವರ್ಷ ಇದ್ದರೆ ಬಯಲು ಎಷ್ಟು ಬಡವಾಯಿತು, ದೊಡ್ಡಿ ಎಷ್ಟು ಸಿರಿವಂತವಾಯಿತು ಎಂದು ನೀವೇ ಊಹಿಸಬಹುದು. ಇಲ್ಲಿ ಒಂದು ಕಾಳಿನಷ್ಟೂ ‘ನಷ್ಟ’ ಆಗಿಲ್ಲ ಎಂಬುದನ್ನು ಗಮನಿಸಿ. ಎರಡೂ ಜಾಗದ ಸರಾಸರಿ ತೆಗೆದರೆ ಲೆಕ್ಕ ಸರಿಯಾಗಿಯೇ ಕೂಡುತ್ತದೆ.

ಆಫ್ರಿಕಾದ ಸವನ್ನಾಗಳಲ್ಲಿ ಹಳೆಯ ದೊಡ್ಡಿಗಳ ಗುರುತು ಶತಮಾನಗಳ ನಂತರವೂ ನಿಂತಿದೆ. ಲೈಕಿಪಿಯದಲ್ಲಿ ಬಿಟ್ಟುಹೋದ ದೊಡ್ಡಿಗಳು ಮುಳ್ಳುಪೊದೆಗಳ ನಡುವೆ ಎಳೆಹುಲ್ಲಿನ ಬಯಲುಗಳಾಗಿ ಮಾರ್ಪಟ್ಟಿವೆ; ಕಾಡುಪ್ರಾಣಿಗಳು ಮೇವಿಗೆ ಅಲ್ಲಿಗೇ ಬರುತ್ತವೆ. ನಿಲ್ಸ್‌ವ್ಲೇಯ ಬಡ ಮರಳುಮಣ್ಣಿನ ನಡುವೆ ಇರುವ ಸಾರವತ್ತಾದ ಜಾಲಿ ತೋಪುಗಳು ಹಿಂದಿನ ತ್ಸ್ವಾನಾ ಜನರ ನೆಲೆಗಳ ಮೇಲೆ ಬೆಳೆದವು. 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ನೈರುತ್ಯ ಕೀನ್ಯಾದಲ್ಲಿ ಸುಮಾರು 1,500ರಿಂದ 3,700 ವರ್ಷ ಹಳೆಯ ಪಶುಪಾಲಕರ ದೊಡ್ಡಿಗಳನ್ನು ಅಗೆದು ನೋಡಿತು. ರಂಜಕ, ಕ್ಯಾಲ್ಸಿಯಂ, ಮೆಗ್ನೀಸಿಯಂ ಇಂದಿಗೂ ಸುತ್ತಲ ಮಣ್ಣಿಗಿಂತ ಹೆಚ್ಚು. ಪೊಟ್ಯಾಸಿಯಂ ಇಷ್ಟು ನಿಷ್ಠೆಯ ಸಾಕ್ಷಿಯಲ್ಲ. ಅದು ನೀರಿನೊಂದಿಗೆ ಇಳಿಯುತ್ತದೆ. ಹಿಡಿದುಕೊಳ್ಳುವ ಜೇಡಿ ಇದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಬೇರಿನ ಕೈಗೆ ಸಿಗದ ಆಳಕ್ಕೆ ಹೋಗುತ್ತದೆ. ತೊಳೆದುಹೋದ ಮಣ್ಣಿನಲ್ಲಿ ಒಂದೇ ಜಾಗಕ್ಕೆ ರಾಶಿ ಹಾಕುವುದು ಆಗ ನಿಜವಾದ ನಷ್ಟವಾಗಿ ಬದಲಾಗುತ್ತದೆ.

ನಮ್ಮಲ್ಲಿಯೂ ಇದಕ್ಕೆ ಬಹಳ ಹಳೆಯ ದಾಖಲೆಯಿದೆ. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯ ಬೂದಿದಿಬ್ಬಗಳು ನವಶಿಲಾಯುಗದ ದನದ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿ ಸುಟ್ಟು ಆದವು ಎಂಬುದನ್ನು ರೇಮಂಡ್ ಆಲ್ಚಿನ್ ತಮ್ಮ 1963ರ ಪುಸ್ತಕದಲ್ಲಿ ವಾದಿಸಿ ತೋರಿಸಿದರು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ನಡೆಸಿದ ಉತ್ಖನನ ಆ ಚಿತ್ರವನ್ನು ಇನ್ನಷ್ಟು ತುಂಬಿತು. ಇನ್ನೂ ಈಚಿನ ಉದಾಹರಣೆ ಪೆಟ್ಲುಪ್ಪು. ದನ, ಜನ ಬಹುಕಾಲ ನಿಂತ ಜಾಗದ ಮಣ್ಣನ್ನು ಕೆರೆದು, ನೀರಲ್ಲಿ ಕರಗಿಸಿ, ಬಸಿದು, ಕುದಿಸಿ ತೆಗೆಯುತ್ತಿದ್ದ ಪೊಟ್ಯಾಸಿಯಂ ನೈಟ್ರೇಟ್ ಅದು. ಹುಲ್ಲುಗಾವಲಿನ ಪೊಟ್ಯಾಸಿಯಂ ಹಸುವಿನ ಹೊಟ್ಟೆಯ ಮೂಲಕ ಮದ್ದಿನ ಮನೆಗೆ ಹೋಗಿ ತುಪಾಕಿಯಲ್ಲಿ ಸಿಡಿದ ಕಥೆಯನ್ನು ಯಾರಾದರೂ ಇತಿಹಾಸಕಾರರು ಪೂರ್ತಿಯಾಗಿ ಬರೆಯಬೇಕು.

ಈಗ ಮತ್ತೆ ಸೆರಾಡೊಗೆ ಹೋಗೋಣ, ಏಕೆಂದರೆ ಸುಸ್ಥಿರ ನಿರ್ವಹಣೆ ಎಂಬ ಮಾತು ಅಲ್ಲಿ ಬರೀ ಘೋಷಣೆಯಾಗಿ ಉಳಿದಿಲ್ಲ. ಅಲ್ಲಿ ಮೇಯುವ ದನಗಳಲ್ಲಿ ಬಹುಪಾಲು ನೆಲ್ಲೋರ್ ತಳಿ, ನಮ್ಮ ನೆರೆಯ ಆಂಧ್ರದ ಓಂಗೋಲಿನ ವಂಶ; 19ನೇ ಶತಮಾನದಿಂದ 1960ರ ದಶಕದ ಆರಂಭದವರೆಗೆ ಹಡಗೇರಿ ಹೋದವು. ಅವು ಮೇಯುವ ಹುಲ್ಲು ಆಫ್ರಿಕಾದ ಬ್ರಾಕಿಯಾರಿಯ. ಜಿಂಬಾಬ್ವೆಯಿಂದ ಬಂದ ‘ಮರಂಡು’ ತಳಿಯನ್ನು ಬ್ರೆಜಿಲಿನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪ 1984ರಲ್ಲಿ ಬಿಡುಗಡೆ ಮಾಡಿತು. ಮೊದಲ ವರ್ಷಗಳಲ್ಲಿ ಹುಲುಸಾಗಿ ಬಂದ ಗಾವಲುಗಳು ಆಮೇಲೆ ಸೊರಗಿದವು. ಮೊದಲ ಕಾರಣ ಸಾರಜನಕ ಮತ್ತು ರಂಜಕದ ಕೊರತೆ, ಅದರ ಜೊತೆಗೆ ಅತಿ ಮೇವು. ಇದನ್ನು ಒತ್ತಿ ಹೇಳಬೇಕು: ಬರೀ ಮೇಯಿಸುವ ಗಾವಲಿನಲ್ಲಿ ಪೊಟ್ಯಾಸಿಯಂ ಸಾಮಾನ್ಯವಾಗಿ ಮೊದಲು ಕೈಕೊಡುವ ಪೋಷಕ ಅಲ್ಲ. ಸಾರಜನಕ, ರಂಜಕ ಕೊಟ್ಟು ಹುಲ್ಲಿನ ಬೆಳವಣಿಗೆ ಏರಿಸಿದ ಮೇಲೆ, ವಿಶೇಷವಾಗಿ ಕೊಯ್ದು ಸಾಗಿಸತೊಡಗಿದ ಮೇಲೆ, ಅದರ ಸರದಿ ಬರುತ್ತದೆ. ಒಂದು ಟನ್ ಒಳ್ಳೆಯ ಒಣಮೇವಿನಲ್ಲಿ 15 ಕೆ.ಜಿ. ಪೊಟ್ಯಾಸಿಯಂ ಹೊರಗೆ ಹೋಗುತ್ತದೆ, ಸುಮಾರು ಹತ್ತೊಂಬತ್ತು ದನ ಮಾರಿದಾಗ ಹೋಗುವಷ್ಟು.

ಅಲ್ಲಿ ಕಂಡುಕೊಂಡ ಒಂದು ದಾರಿ ಬೆಳೆ ಮತ್ತು ಗಾವಲನ್ನು ಒಂದೇ ನೆಲದಲ್ಲಿ ಸರದಿಯಾಗಿ ಸೇರಿಸುವುದು. ಸೋಯಾ ಅಥವಾ ಮೆಕ್ಕೆಜೋಳದ ಜೊತೆ, ಇಲ್ಲವೇ ಅದರ ಹಿಂದೆ, ಬ್ರಾಕಿಯಾರಿಯ ಬಿತ್ತಿ ಒಣಗಾಲದಲ್ಲಿ ಮೇಯಿಸುತ್ತಾರೆ. ಅದರ ಬೇರು ಒಂದೂವರೆ ಮೀಟರಿಗೂ ಆಳಕ್ಕೆ ಇಳಿದು, ಬೆಳೆಯ ಬೇರಿನಿಂದ ತಪ್ಪಿಸಿಕೊಂಡು ಕೆಳಗಿಳಿದ ಪೊಟ್ಯಾಸಿಯಂ ಅನ್ನು ಮೇಲೆತ್ತುತ್ತದೆ. ಮುಂದಿನ ಬಿತ್ತನೆಗೆ ಮುಂಚೆ ಹುಲ್ಲನ್ನು ಒಣಗಿಸಿ ಹಾಗೇ ಹಾಸಿದರೆ ಮೊದಲ ಮಳೆಗೇ ಅದು ಬೆಳೆಗೆ ಸಿಗುತ್ತದೆ. ತನಗೆ ಬೇಕಾದ ಪೊಟ್ಯಾಶ್ ಗೊಬ್ಬರದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚನ್ನು ಆಮದು ಮಾಡಿಕೊಳ್ಳುವ ದೇಶಕ್ಕೆ ಹೀಗೆ ಹುಲ್ಲಿನಲ್ಲಿ ಹಿಡಿದಿಟ್ಟ ಪ್ರತಿ ಕೆ.ಜಿ.ಯೂ ಹಣ. ಪೊಟ್ಯಾಶಿಗೆ ಪರದೇಶವನ್ನೇ ನೆಚ್ಚಿಕೊಂಡ ನಮಗೂ ಈ ಮಾತು ಹೊರತಲ್ಲ.

ಇಲ್ಲೊಂದು ಅಳತೆಯ ತೊಡಕು ಇದೆ. ಎದೆಯೆತ್ತರದ ಬ್ರಾಕಿಯಾರಿಯ ಹೆಕ್ಟೇರಿಗೆ ಆರು ಟನ್ ಒಣತೂಕದಲ್ಲಿ ನಿಂತಿದ್ದರೆ ಅದರೊಳಗೆ ನೂರು ಕೆ.ಜಿ.ಯಷ್ಟು ಪೊಟ್ಯಾಸಿಯಂ ಇರುತ್ತದೆ. ಮಣ್ಣಿನ ಮೇಲಿನ 20 ಸೆಂಟಿಮೀಟರಿನಲ್ಲಿ, ಕೆ.ಜಿ.ಗೆ 40 ಮಿಲಿಗ್ರಾಂ ಇದ್ದರೆ, ಒಟ್ಟು ಇರುವುದು 80–90 ಕೆ.ಜಿ. ಹುಲ್ಲಿನ ದಾಸ್ತಾನು ಮಣ್ಣಿನದಕ್ಕಿಂತ ದೊಡ್ಡದು! ಮಳೆಗಾಲದ ನಡುವೆ ಮಣ್ಣು ತೆಗೆದರೆ ‘ಕಡಿಮೆ’ ಎನ್ನುವ ವರದಿ ಬರುತ್ತದೆ, ಒಣಹುಲ್ಲು ನೆನೆದು ಸೋರಿದ ಮೇಲೆ ತೆಗೆದರೆ ಅದೇ ಮಣ್ಣು ಉತ್ತಮವಾಗಿ ಕಾಣುತ್ತದೆ. ಎರಡೂ ವರದಿ ನಿಜವೇ. ಮಣ್ಣಿನ ವರದಿಯೊಂದನ್ನೇ ಹಿಡಿದು ಗಾವಲಿನ ನಿರ್ವಹಣೆಯನ್ನು ಹೊಗಳುವುದಾಗಲಿ ತೆಗಳುವುದಾಗಲಿ ನನಗೆ ಅವಸರದ ಕೆಲಸವಾಗಿ ಕಾಣುವುದು ಇದರಿಂದಲೇ.

ಇನ್ನು ನಮ್ಮ ಕಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಸೀಮೆಗಳಲ್ಲಿ ಹರಡಿದ್ದ ಅದರ ಕಾವಲುಗಳನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ವಿಂಗಡಿಸಿದ್ದರು. ಮಂದೆ ಋತುವಿಗೆ ತಕ್ಕಂತೆ ಸಾಗುತ್ತಿತ್ತು. ಮೇವು, ನೀರು, ನೆರಳನ್ನು ನೋಡಿ ಮಾಡಿದ ವ್ಯವಸ್ಥೆ ಅದು, ಪೊಟ್ಯಾಸಿಯಂ ಎಂಬ ಹೆಸರನ್ನು ಆಗ ಯಾರೂ ಕೇಳಿರಲಿಲ್ಲ. ಆದರೂ ದನ ಸಾಗಿದಲ್ಲೆಲ್ಲ ಗಂಜಲವೂ ಸಾಗಿತು, ಒಂದೇ ಜಾಗದಲ್ಲಿ ರಾಶಿ ಬೀಳಲಿಲ್ಲ. ಇದಲ್ಲದೆ ಈ ಕಾವಲುಗಳ ಗರಸು ನೆಲದ ಕೆಳಗೆ ಬಹುಕಡೆ ಇನ್ನೂ ಪೂರ್ತಿ ಕರಗದ ನೈಸ್ ಶಿಲೆ ಇದೆ, ಅದರಲ್ಲಿ ಫೆಲ್ಡ್‌ಸ್ಪಾರ್ ಮತ್ತು ಕರಿ ಅಭ್ರಕ ಇವೆ. ಮೇಲಿನ ಮಣ್ಣು ತೆಳುವಾದರೂ ಹಗೇವು ಬರಿದಾಗಿಲ್ಲ. ಸೆರಾಡೊದ ಶಿಫಾರಸನ್ನು ಅಜ್ಜಂಪುರದಂಥ ಕಾವಲಿಗೆ ತಂದು ಅಂಟಿಸಲಾಗದು. ಮಲೆನಾಡು, ಕರಾವಳಿಯ ಜಂಬಿಟ್ಟಿಗೆ ನೆಲಕ್ಕೆ ಬೇಕಾದರೆ ಅದು ಹೆಚ್ಚು ಹೊಂದೀತು.

ಕಾವಲುಗಳು ಕುಗ್ಗಿ, ಉಳಿದ ತುಂಡುಗಳಲ್ಲಿ ಮಂದೆಯ ಸಂಚಾರವೂ ಕುಗ್ಗಿದ ಮೇಲೆ ಲೆಕ್ಕ ಬದಲಾಗಿದೆ. ಊರ ದನ, ಕುರಿ ಹಗಲು ಗೋಮಾಳ, ಕಾವಲುಗಳಲ್ಲಿ ಮೇದು ರಾತ್ರಿ ಕೊಟ್ಟಿಗೆ, ರೊಪ್ಪಗಳಿಗೆ ಬರುತ್ತವೆ. ರೊಪ್ಪದ ಗೊಬ್ಬರ ಟ್ರ್ಯಾಕ್ಟರಿನಲ್ಲಿ ತೆಂಗು, ಅಡಿಕೆ ತೋಟಕ್ಕೆ ಹೋಗುತ್ತದೆ. ತೋಟದವರನ್ನು ದೂರಲು ನಾನು ಇದನ್ನು ಹೇಳುತ್ತಿಲ್ಲ, ಪೊಟ್ಯಾಶ್ ಬಯಸುವ ಬೆಳೆಗಳಿಗೆ ಅದು ಸರಿಯಾದ ಗೊಬ್ಬರವೇ. ಆದರೆ ಗೊಬ್ಬರದ ಬೆಲೆಯಲ್ಲಿ ಗೋಮಾಳದ ಪಾಲು ಎಲ್ಲೂ ಸೇರಿಲ್ಲ. ಹೊಲದಲ್ಲಿ ಕುರಿ ಮಂದೆ ನಿಲ್ಲಿಸಿಕೊಂಡ ರೈತ ಕುರಿಗಾರನಿಗೆ ದವಸವನ್ನೋ ದುಡ್ಡನ್ನೋ ಕೊಡುತ್ತಾನೆ. ಆ ಸಾರ ಬಂದ ನೆಲಕ್ಕೆ ಕೊಡುವವರು ಯಾರೂ ಇಲ್ಲ. ಲೈಕಿಪಿಯದ ಕೆಲವು ಹುಲ್ಲುಗಾವಲುಗಳಲ್ಲಿ ಈಗ ಕಳಚಿ ಜೋಡಿಸುವ ಕಬ್ಬಿಣದ ಬೇಲಿಯ ದೊಡ್ಡಿಗಳನ್ನು ಬಳಸಿ, ಕೆಲವು ದಿನಗಳಿಗೊಮ್ಮೆ ಜಾಗ ಬದಲಿಸುತ್ತಾರೆ. ದೊಡ್ಡಿ ಎದ್ದು ಹೋದ ಜಾಗದಲ್ಲಿ ಸಿಹಿಹುಲ್ಲು ಹುಟ್ಟುತ್ತದೆ. ಕುರಿ ಮಂದೆ ನಿಲ್ಲಿಸಿ ಗೊತ್ತಿರುವ ನಮ್ಮವರಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ಹೊಲಕ್ಕೆ ಮಾಡುವುದನ್ನು ಗೋಮಾಳಕ್ಕೂ ಮಾಡುವ ಏರ್ಪಾಡು ಬೇಕು.

ಕೊನೆಗೆ ಮಣ್ಣು ಪರೀಕ್ಷೆಯ ವಿಷಯ. ಮಾದರಿ ತೆಗೆಯುವಾಗ ಗೊಬ್ಬರದ ಗುಂಡಿ, ಮರದ ನೆರಳು, ಬದು, ದಾರಿ ಇವುಗಳ ಹತ್ತಿರದ ಮಣ್ಣು ಬೇಡ ಎಂದು ನಾವೆಲ್ಲ ಕಲಿಸುತ್ತೇವೆ. ಹೊಲಕ್ಕೆ ಅದು ಸರಿ. ಗಾವಲಿನಲ್ಲಿ ಪೊಟ್ಯಾಸಿಯಂ ಹೋಗಿ ಕೂತಿರುವುದೇ ಆ ಜಾಗಗಳಲ್ಲಿ. ಕೀನ್ಯಾದ ತ್ಸಾವೊದಲ್ಲಿ ಮರದಡಿಯ ಮಣ್ಣಿನಲ್ಲಿ ಬಯಲಿಗಿಂತ ಹೆಚ್ಚು ಪೊಟ್ಯಾಸಿಯಂ ಕಂಡದ್ದನ್ನು 1989ರಷ್ಟು ಹಿಂದೆಯೇ ಪ್ರಕಟಿಸಿದ್ದಾರೆ. ನಮ್ಮ ಪ್ರಯೋಗಾಲಯಗಳು ಹೆಕ್ಟೇರಿಗೆ 144 ಕೆ.ಜಿ. ಪೊಟ್ಯಾಶಿಗಿಂತ ಕಡಿಮೆಯಿದ್ದರೆ ‘ಕಡಿಮೆ’, 336 ದಾಟಿದರೆ ‘ಹೆಚ್ಚು’ ಎಂದು ಬರೆಯುತ್ತವೆ. ಒಂದೇ ಕಾವಲಿನ ರೊಪ್ಪದ ಸುತ್ತ ‘ಹೆಚ್ಚು’, ಅರ್ಧ ಮೈಲಿ ಆಚೆ ‘ಕಡಿಮೆ’ ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಕಲಸಿ ‘ಮಧ್ಯಮ’ ಎಂದು ಬರೆದರೆ ಮಾತ್ರ ಆಕ್ಷೇಪಿಸಬೇಕು.

ಆದ್ದರಿಂದ ಇಲ್ಲಿರುವ ಸಂಶೋಧನಾ ವಿದ್ಯಾರ್ಥಿಗಳಿಗೆ ಒಂದು ಕೆಲಸ ಸೂಚಿಸುತ್ತೇನೆ. ಒಂದು ಕಾವಲನ್ನು ಹಿಡಿಯಿರಿ. ರೊಪ್ಪದಿಂದ, ನೀರಿನ ತಾಣದಿಂದ, ದೊಡ್ಡ ಮರಗಳ ಬುಡದಿಂದ ಹೊರಗೆ ಗೆರೆ ಹಾಕಿಕೊಂಡು ಹೋಗಿ, ಗೆರೆಯುದ್ದಕ್ಕೂ ಮಣ್ಣನ್ನು ಬೇರೆ ಬೇರೆ ಚೀಲಗಳಲ್ಲಿ ತೆಗೆಯಿರಿ, ಕಲಸಬೇಡಿ. ಮೇಲ್ಮಣ್ಣಿನ ಜೊತೆ ಗರಸಿನ ಮಾದರಿಯೂ ಇರಲಿ, ಜೇಡಿಪದರದಲ್ಲಿ ಸಿಕ್ಕಿದ ಪೊಟ್ಯಾಸಿಯಂ ಅನ್ನೂ ಅಳೆಯಿರಿ. ಅದೇ ದಿನ ಅದೇ ಜಾಗದ ಹುಲ್ಲನ್ನು ಕೊಯ್ದು ತೂಗಿ ಅದರಲ್ಲಿರುವುದನ್ನೂ ಬರೆದುಕೊಳ್ಳಿ. ಮುಂಗಾರಿನ ಮೊದಲ ಮಳೆಯ ನಂತರ ಒಮ್ಮೆ, ಹುಲ್ಲು ಹೂ ಬಿಡುವಾಗ ಇನ್ನೊಮ್ಮೆ. ವರ್ಷಕ್ಕೆ ಎಷ್ಟು ಲೋಡು ಗೊಬ್ಬರ ಹೊರಗೆ ಹೋಯಿತು ಎಂಬುದನ್ನು ಟ್ರ್ಯಾಕ್ಟರಿನವರನ್ನು ಕೇಳಿ ತಿಳಿದುಕೊಳ್ಳಿ. ಅದು ಯಾವ ಕಚೇರಿಯ ಕಡತದಲ್ಲೂ ಸಿಗುವುದಿಲ್ಲ.